ಫೀಸು ನಾವು ಕಟ್ಟಿ ಪಾಠ ಮಕ್ಕಳೇ ಮಾಡೋದಾ? ಸೈಕಾಲಜಿ ಕ್ಲಾಸಿನ ಸೆಮಿನಾರ್ ಸುತ್ತ ಒಂದು ಲೆಕ್ಕಾಚಾರ

"ಏನಪ್ಪಾ ರಿಪೋರ್ಟರ್ರೇ, ನೀವು ಚರಂಡಿ ಬಗ್ಗೆ ಬರೀತೀರಿ, ರಸ್ತೆ ಗುಂಡಿ ಬಗ್ಗೆ ಬರೀತೀರಿ. ಇದನ್ನೂ ಸ್ವಲ್ಪ ಬರೀರಿ. ಕಾಲೇಜಿಗೆ ಫೀಸು ಕಟ್ಟೋನು ನಾನು. ಪಾಠ ಮಾಡೋದು ಮಾತ್ರ ನನ್ನ ಮಗಳಂತೆ! ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂತ್ಕೊಂಡು ಕೇಳ್ತಾರಂತೆ. ಇದು ಯಾವ ನ್ಯಾಯ?"

ಪೇಟೆ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರೋ ಯಜಮಾನ್ರು ಹೋದ ತಿಂಗಳು ನನ್ನನ್ನ ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ಅವರ ಮಗಳು ಪಿಯುಸಿ ಆರ್ಟ್ಸ್. ಸೈಕಾಲಜಿ, ಅಂದ್ರೆ ಮನಃಶಾಸ್ತ್ರ ತಗೊಂಡಿದ್ದಾಳೆ. ನಮ್ಮ ಕಡೆ ಆರ್ಟ್ಸ್ ಅಂದ್ರೆ ಎಚ್‌ಇಪಿಎಸ್ ಅಂತಲೇ ಲೆಕ್ಕ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸೈಕಾಲಜಿ ಇರೋ ಕಾಲೇಜು ಹುಡುಕಿಕೊಂಡು ಹೋಗ್ಬೇಕು. ನಮ್ಮ ರಾಜ್ಯದ ಪಠ್ಯದಲ್ಲಿ ಹತ್ತನೇ ಕ್ಲಾಸಿನವರೆಗೆ ಇದು ಬೇರೆ ವಿಷಯವಾಗಿ ಬರೋದೂ ಇಲ್ಲ. ಅಂಥದ್ದರಲ್ಲಿ ಪಾಠವನ್ನ ಮಕ್ಕಳ ಕೈಗೇ ಕೊಟ್ರೆ ತಂದೆಗೆ ಸಿಟ್ಟು ಬರೋದು ಸಹಜ.

ಪ್ರಶ್ನೆ ಸರಿಯಾಗೇ ಇದೆ ಅನ್ನಿಸ್ತು. ಆ ಕಾಲೇಜಿನ ಉಪನ್ಯಾಸಕಿಯನ್ನ ಕೇಳಿಕೊಂಡು ಎರಡು ದಿನ ಹಿಂದಿನ ಬೆಂಚಲ್ಲಿ ಕೂತೆ. ಅವರು ಹಾಕಿದ ಷರತ್ತು ಒಂದೇ: "ಕಾಲೇಜಿನ ಹೆಸರು, ನನ್ನ ಹೆಸರು, ಮಕ್ಕಳ ಹೆಸರು ಯಾವುದೂ ಬೇಡ." ಒಪ್ಪಿಕೊಂಡೆ.

ಕ್ಲಾಸಲ್ಲಿ ಕಂಡಿದ್ದು

ಮೊದಲ ದಿನ ಮಾತಾಡಿದ್ದು ನಾಲ್ಕು ಹುಡುಗಿಯರ ತಂಡ. ವಿಷಯ: ನೆನಪು. ಪ್ರೊಜೆಕ್ಟರ್ ಇರ್ಲಿಲ್ಲ. ಬೋರ್ಡು, ಚಾಕ್‌ಪೀಸು ಅಷ್ಟೇ.

ಒಬ್ಬಳು ಬಂದು ಹತ್ತು ಅಂಕಿಗಳನ್ನ ಒಂದೊಂದಾಗಿ ಓದಿದಳು. "ಈಗ ಹೇಳಿ ನೋಡೋಣ" ಅಂದಳು. ಕ್ಲಾಸಲ್ಲಿ ಯಾರಿಗೂ ಪೂರ್ತಿ ಬರ್ಲಿಲ್ಲ, ನನಗೂ ಬರ್ಲಿಲ್ಲ. ಆಮೇಲೆ ಬೇರೆ ಹತ್ತು ಅಂಕಿಗಳನ್ನ ಮೊಬೈಲ್ ನಂಬರ್ ಥರ ಐದು-ಐದಾಗಿ ಒಡೆದು ಓದಿದಳು. ಅರ್ಧ ಕ್ಲಾಸು ಹೇಳಿಬಿಡ್ತು. ನಮ್ಮ ತಲೆಗೆ ಒಂದೇ ಸಲಕ್ಕೆ ಏಳು, ಎರಡು ಹೆಚ್ಚು ಅಥವಾ ಎರಡು ಕಮ್ಮಿ ಅಷ್ಟೇ ಹಿಡಿಯುತ್ತೆ ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ ಬರೆದಿದ್ದ, ಗುಂಪು ಮಾಡಿ ಕೊಟ್ರೆ ಜಾಸ್ತಿ ಹಿಡಿಯುತ್ತೆ ಅಂತ ವಿವರಿಸಿದಳು.

ಇನ್ನೊಬ್ಬಳು ನಮ್ಮ ಕಿರಾಣಿ ಯಜಮಾನ್ರ ಮಗಳು. ಅವಳು ಪುಸ್ತಕ ಬಿಟ್ಟು ಅಂಗಡಿಗೇ ಹೋಗಿದ್ದಳು. ಗಿರಾಕಿ ಒಂದೇ ಉಸಿರಿಗೆ ಹತ್ತು ಹನ್ನೆರಡು ಸಾಮಾನು ಹೇಳಿದ್ರೂ ಅಪ್ಪ ಚೀಟಿ ಇಲ್ಲದೆ ಹೇಗೆ ಕಟ್ಟಿಕೊಡ್ತಾರೆ ಅಂತ ಮೂರು ದಿನ ಕೂತು ನೋಡಿದ್ದಳಂತೆ. "ಅಪ್ಪ ಸಾಮಾನನ್ನ ಗಿರಾಕಿ ಹೇಳಿದ ಕ್ರಮದಲ್ಲಿ ನೆನಪಿಟ್ಟುಕೊಳ್ಳಲ್ಲ. ಅಂಗಡಿಯಲ್ಲಿ ಯಾವ ಕಡೆ ಏನಿದೆಯೋ ಆ ಕ್ರಮದಲ್ಲಿ ನೆನಪಿಟ್ಟುಕೊಳ್ತಾರೆ. ಬೇಳೆ ಗೂಡು, ಎಣ್ಣೆ ಗೂಡು, ಸೋಪಿನ ಗೂಡು. ಅವರಿಗೆ ಗೊತ್ತಿಲ್ಲದೇ ಗುಂಪು ಮಾಡಿಕೊಂಡಿದ್ದಾರೆ" ಅಂದಳು.

ಪಾಠ ಮಾಡಿದ್ದು ನನ್ನ ಮಗಳು ಅಂತ ಸಿಟ್ಟಾಗಿದ್ದ ತಂದೆಯೇ ಆ ಪಾಠದೊಳಗೆ ಉದಾಹರಣೆಯಾಗಿ ಕೂತಿದ್ದರು. ಅವರಿಗೇ ಇದು ಗೊತ್ತಿಲ್ಲ.

ಎರಡನೇ ದಿನ ಇದರ ಉಲ್ಟಾ. ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದು ಚಾಟ್‌ಜಿಪಿಟಿ ಕೊಟ್ಟ ಇಂಗ್ಲಿಷನ್ನ ತಲೆ ಎತ್ತದೆ ಓದಿದ. ಆರು ನಿಮಿಷ. ಮುಗಿದ ಮೇಲೆ ಮೇಡಂ, "ಇದರಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೇಳಪ್ಪಾ" ಅಂದ್ರು. ಹುಡುಗ ಸುಮ್ನೆ ನಿಂತ. ಕ್ಲಾಸಲ್ಲಿ ಕೇಳ್ತಿದ್ದವರು ಮುಂದಿನ ಎರಡು ಬೆಂಚಿನವರು ಮಾತ್ರ. ಉಳಿದವರು ಅವರವರ ಲೋಕದಲ್ಲಿದ್ರು.

ಅಂದ್ರೆ ಒಂದೇ ಕ್ಲಾಸು, ಒಂದೇ ಮೇಡಂ, ಒಂದೇ ವಿಧಾನ. ಒಂದು ದಿನ ಪಾಠ ಆಯ್ತು, ಇನ್ನೊಂದು ದಿನ ಟೈಂಪಾಸ್ ಆಯ್ತು. ವ್ಯತ್ಯಾಸ ಎಲ್ಲಿದೆ?

ಜೆರಾಕ್ಸ್ ಅಂಗಡಿಯ ಕಥೆ

ಅದಕ್ಕೂ ಮೊದಲು ಬಸ್ ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿಗಳ ಕಡೆ ಬನ್ನಿ. ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಯೂನಿಫಾರ್ಮಿನ ಮಕ್ಕಳ ಸಾಲು. "ಅಣ್ಣ, ಪ್ರಾಜೆಕ್ಟ್ ಇದ್ಯಾ?" "ಯಾವ ಸಬ್ಜೆಕ್ಟು?" ಕಂಪ್ಯೂಟರಲ್ಲಿ ಹೋದ ವರ್ಷದ ಫೈಲು ರೆಡಿ ಇರುತ್ತೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿದ್ರೆ ಮುಗೀತು. ಸ್ಪೈರಲ್ ಬೈಂಡಿಂಗ್, ಮೇಲೊಂದು ಪಾರದರ್ಶಕ ಶೀಟು.

ಅಂಗಡಿಯವರನ್ನ ಬೈಯೋಕೆ ನಾನು ಇದನ್ನ ಬರೀತಿಲ್ಲ. ಕೇಳಿದ್ದನ್ನ ಕೊಡೋದು ವ್ಯಾಪಾರ. ಕೇಳೋ ಹಾಗೆ ಮಾಡಿದ್ದು ಯಾರು ಅನ್ನೋದು ಪ್ರಶ್ನೆ.

ನಿಯಮ ಹೀಗಿದೆ. 2023-24ರಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲದ ಪಿಯುಸಿ ವಿಷಯಗಳಿಗೆ 80 ಅಂಕ ಲಿಖಿತ ಪರೀಕ್ಷೆ, 20 ಅಂಕ ಆಂತರಿಕ ಮೌಲ್ಯಮಾಪನ. ಆ 20ರಲ್ಲಿ 10 ಟೆಸ್ಟುಗಳಿಗೆ, 10 ಪ್ರಾಜೆಕ್ಟಿಗೆ. ಬರೆದು ಕೊಟ್ರೆ ಮಾತ್ರ ಸಾಲದು, ಅದನ್ನ ಮಂಡಿಸ್ಬೇಕು, ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳ್ಬೇಕು ಅನ್ನೋದು ಉದ್ದೇಶ. ಈಗ ಪಾಸಾಗೋಕೆ ಒಟ್ಟಾರೆ ಶೇ 33, ಅಂದ್ರೆ 600ಕ್ಕೆ 198 ಅಂಕ ಸಾಕು ಅಂತಾದ ಮೇಲೆ ಈ 20 ಅಂಕದ ಬೆಲೆ ಇನ್ನೂ ಜಾಸ್ತಿಯಾಗಿದೆ.

ಆದ್ರೆ ನಡೀತಿರೋದು ಏನು? ನಾನು ಮಾತಾಡಿಸಿದ ಮಕ್ಕಳಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ: "ಫೈಲು ಕೊಟ್ವಿ ಅಣ್ಣ, ಮಾತಾಡೋಕೆ ಯಾರೂ ಕರೀಲಿಲ್ಲ." ಮಾತಾಡದೇ ಇದ್ದ ಮಗುವಿಗೆ ಮಂಡನೆಯ ಅಂಕ ಎಲ್ಲಿಂದ ಬಂತು? ಇದನ್ನ ಪೋಷಕರು ಕೇಳ್ಬೇಕು.

ಸೈಕಾಲಜಿ ಲೆಕ್ಕ ಬೇರೆ. ಅದು ಪ್ರಾಯೋಗಿಕ ಇರೋ ವಿಷಯ, 70 ಅಂಕ ಥಿಯರಿ, 30 ಅಂಕ ಪ್ರಾಕ್ಟಿಕಲ್. ನಾನು ನೋಡಿದ ಕ್ಲಾಸಿನ ಸೆಮಿನಾರಿಗೆ ಮೇಡಂ ಅಂಕವನ್ನೇ ಇಟ್ಟಿಲ್ಲ. ಅಂಕ ಇರೋ ಪ್ರಾಜೆಕ್ಟು ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟುತ್ತೆ, ಅಂಕ ಇಲ್ಲದ ಸೆಮಿನಾರಿಗೆ ಒಬ್ಬ ಹುಡುಗಿ ಮೂರು ದಿನ ಅಪ್ಪನ ಅಂಗಡಿಯಲ್ಲಿ ಕೂತು ನೋಡ್ತಾಳೆ. ಅಂಕ ತೆಗೆದುಬಿಡಿ ಅಂತ ನಾನು ಹೇಳ್ತಿಲ್ಲ. ಅಂಕ ಕಾಗದಕ್ಕೆ ಕೊಟ್ರೆ ಕಾಗದ ಬರುತ್ತೆ, ಬಾಯಿಗೆ ಕೊಟ್ರೆ ಮಾತು ಬರುತ್ತೆ.

ಸಂಶೋಧನೆ ಏನು ಹೇಳುತ್ತೆ?

ಶಿಕ್ಷಕರ ತರಬೇತಿಗಳಲ್ಲಿ ಒಂದು ತ್ರಿಕೋನದ ಚಿತ್ರ ತೋರಿಸ್ತಾರೆ. ಕೇಳಿದ್ರೆ ಇಷ್ಟು ಪರ್ಸೆಂಟ್ ನೆನಪಿರುತ್ತೆ, ನೋಡಿದ್ರೆ ಇಷ್ಟು, ಬೇರೆಯವರಿಗೆ ಕಲಿಸಿದ್ರೆ 90 ಪರ್ಸೆಂಟ್ ಅಂತ. ವಾಟ್ಸಾಪಲ್ಲೂ ಓಡಾಡುತ್ತೆ. ಆ ಪರ್ಸೆಂಟುಗಳಿಗೆ ಆಧಾರ ಇಲ್ಲ. ಅದಕ್ಕೆ ಎಡ್ಗರ್ ಡೇಲ್ ಅನ್ನೋ ಅಮೆರಿಕದ ಪ್ರೊಫೆಸರ್ ಹೆಸರು ಹಾಕ್ತಾರೆ. ಆತ 1946ರಲ್ಲಿ ಮಾಡಿದ ಚಿತ್ರದಲ್ಲಿ ಅಂಕಿಗಳೇ ಇರ್ಲಿಲ್ಲ, ಆಮೇಲೆ ಯಾರೋ ಸೇರಿಸಿದ್ದು. ಹಾಗಾಗಿ "ಮಕ್ಕಳೇ ಪಾಠ ಮಾಡಿದ್ರೆ 90 ಪರ್ಸೆಂಟ್ ಕಲಿತಾರೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ನಂಬೋ ಅಂಥದ್ದೂ ಇದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದ್ರು. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದ್ರು. ಒಂದು ಸಲ ಅದನ್ನೇ ಮತ್ತೆ ಓದೋಕೆ ಹೇಳಿದ್ರು, ಇನ್ನೊಂದು ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದ್ದೇ ಮುಂದಿತ್ತು: ಶೇ 81, ನೆನಪಿಸಿಕೊಂಡು ಬರೆದದ್ದು ಶೇ 75. ಆದ್ರೆ ಒಂದು ವಾರ ಬಿಟ್ಟು ನೋಡಿದ್ರೆ ಮತ್ತೆ ಓದಿದ್ದು ಶೇ 42ಕ್ಕೆ ಇಳಿದಿತ್ತು, ನೆನಪಿಸಿಕೊಂಡು ಬರೆದದ್ದು ಶೇ 56ರಲ್ಲಿ ನಿಂತಿತ್ತು.

ಇದರಿಂದ ನಮಗೇನು? ಪುಸ್ತಕ ಮುಚ್ಚಿ ತಲೆಯಿಂದ ತೆಗೆದಾಗ ಕಲಿಕೆ ಉಳಿಯುತ್ತೆ. ನೋಡ್ಕೊಂಡು ಓದಿದ್ರೆ ಆ ಕ್ಷಣಕ್ಕೆ ಬಂದ ಹಾಗಿರುತ್ತೆ, ವಾರದಲ್ಲಿ ಹೋಗುತ್ತೆ. ನಾಲ್ಕು ಹುಡುಗಿಯರು ತಲೆಯಿಂದ ತೆಗೆದು ಮಾತಾಡಿದ್ರು, ಹುಡುಗ ಮೊಬೈಲ್ ನೋಡಿ ಓದಿದ. ಎರಡಕ್ಕೂ ಸೆಮಿನಾರ್ ಅಂತ ಒಂದೇ ಹೆಸರು ಇದ್ರೂ ಎರಡೂ ಒಂದೇ ಅಲ್ಲ.

ಕೇಳೋರ ಕಥೆ ಏನು? ಇದಕ್ಕೆ ಮನಃಶಾಸ್ತ್ರಜ್ಞರೇ ಒಂದು ದಾರಿ ಹುಡುಕಿದ್ದಾರೆ. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಊರಲ್ಲಿ, ಅಲ್ಲಿವರೆಗೆ ಬೇರೆ ಬೇರೆ ಶಾಲೆಗೆ ಹೋಗ್ತಿದ್ದ ಬಿಳಿ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳನ್ನ ಒಂದೇ ಕ್ಲಾಸಲ್ಲಿ ಕೂರಿಸಿದ್ರು. ಜಗಳ, ಅಪನಂಬಿಕೆ ಶುರುವಾಯ್ತು. ಎಲಿಯಟ್ ಆರನ್ಸನ್ ಅನ್ನೋ ಮನಃಶಾಸ್ತ್ರಜ್ಞರನ್ನ ಕರೆಸಿದ್ರು. ಅವರು ಮಕ್ಕಳನ್ನ ಐದಾರು ಜನರ ಗುಂಪು ಮಾಡಿದ್ರು. ಪಾಠವನ್ನ ಐದಾರು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ರು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಈಗ ಪಕ್ಕದವನು ಹೇಳೋದನ್ನ ಕೇಳದೆ ಗತಿಯಿಲ್ಲ, ಅವನು ತಡವರಿಸಿದ್ರೆ ನಕ್ಕು ಪ್ರಯೋಜನ ಇಲ್ಲ, ಸಹಾಯ ಮಾಡ್ಲೇಬೇಕು. ಇದಕ್ಕೆ ಜಿಗ್ಸಾ ಕ್ಲಾಸ್‌ರೂಮ್ ಅಂತ ಹೆಸರು.

ನಮ್ಮ ಕ್ಲಾಸುಗಳಲ್ಲಿ ಕಪ್ಪು-ಬಿಳಿ ಜಗಳ ಇಲ್ಲ, ನಿಜ. ಆದ್ರೆ ಯಾರು ಯಾರ ಪಕ್ಕ ಕೂರ್ತಾರೆ, ಯಾವ ಹಳ್ಳಿಯಿಂದ ಬಂದೋರು ಮಾತಾಡ್ತಾರೆ, ಯಾರು ಮೂರು ವರ್ಷ ಬಾಯಿ ಬಿಡದೆ ಹೋಗ್ತಾರೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯ.

ಟೈಮ್ ಎಲ್ಲಿದೆ?

ಉಪನ್ಯಾಸಕರದ್ದೂ ಒಂದು ವಾದ ಇದೆ. "ಪೋರ್ಷನ್ ಮುಗಿಸೋದೇ ಕಷ್ಟ, ಸೆಮಿನಾರ್ ಎಲ್ಲಿ ಮಾಡಿಸೋದು?" ಅಂತಾರೆ. ಅತಿಥಿ ಉಪನ್ಯಾಸಕರ ಮೇಲೆ ನಡೆಯೋ ಕಾಲೇಜಲ್ಲಿ ನೇಮಕ ತಡ ಆದ್ರೆ ಪಾಠ ಶುರುವಾಗೋದೇ ತಡ. ಈ ವಾದವನ್ನ ಸುಮ್ನೆ ತಳ್ಳಿಹಾಕೋಕಾಗಲ್ಲ. ಲೆಕ್ಕ ಹಾಕೋಣ.

40 ಮಕ್ಕಳ ಕ್ಲಾಸು. ಒಬ್ಬೊಬ್ಬರಿಗೆ 10 ನಿಮಿಷ ಅಂದ್ರೆ 400 ನಿಮಿಷ. 50 ನಿಮಿಷದ ಪೀರಿಯಡ್ ಅಂದ್ರೆ 8 ಪೀರಿಯಡ್. ವಾರಕ್ಕೆ 4 ಪೀರಿಯಡ್ ಇದ್ರೆ ಎರಡು ವಾರ ಪೂರ್ತಿ ಹೋಯ್ತು. ಪ್ರಶ್ನೆಗೆ ಟೈಮೇ ಇಲ್ಲ. ಇದು ಕಷ್ಟ, ಒಪ್ತೀನಿ.

ಅದೇ 4 ಜನರ ತಂಡ ಮಾಡಿ. 10 ತಂಡ. ತಂಡಕ್ಕೆ 15 ನಿಮಿಷ ಮಾತು, 5 ನಿಮಿಷ ಪ್ರಶ್ನೆ. 200 ನಿಮಿಷ, 4 ಪೀರಿಯಡ್. ಒಂದೇ ವಾರ. ಅದನ್ನೂ ವರ್ಷಪೂರ್ತಿ ಹಂಚಿದ್ರೆ ತಿಂಗಳಿಗೆ ಒಂದು ತಂಡ. ಟೈಮ್ ಇಲ್ಲ ಅನ್ನೋ ಮಾತು ಆಮೇಲೆ ಉಳಿಯಲ್ಲ.

ಇಲ್ಲಿ ಯಜಮಾನ್ರ ಸಿಟ್ಟಿಗೂ ಉತ್ತರ ಇದೆ. ಮೇಷ್ಟ್ರು ಇಡೀ ಪೋರ್ಷನ್ನನ್ನ ಮಕ್ಕಳಿಗೆ ಹಂಚಿ ತಾವು ಕೂತ್ರೆ ಅದು ಸೋಮಾರಿತನ, ಖಂಡಿತ ಪ್ರಶ್ನೆ ಮಾಡಿ. ಮೇಷ್ಟ್ರು ಮೊದಲು ಪಾಠ ಮಾಡಿ, ಅದರ ಒಂದು ತುಂಡನ್ನ ಮಕ್ಕಳಿಗೆ ಕೊಟ್ಟು, ಅವರು ಮಾತಾಡಿದ ಮೇಲೆ ತಪ್ಪಿದ್ದನ್ನ ತಿದ್ದಿದ್ರೆ ಅದು ಡಬಲ್ ಕೆಲಸ. ಆ ಮೇಡಂ ಮಾಡ್ತಿದ್ದದ್ದು ಎರಡನೆಯದು. ಹಿಂದಿನ ಬೆಂಚಲ್ಲಿ ಕೂತಿದ್ರು ನಿಜ, ಕೈಯಲ್ಲಿ ಪೆನ್ನು, ನೋಟ್‌ಬುಕ್ ಇತ್ತು. ಕೊನೆಯ ಹತ್ತು ನಿಮಿಷ ಎದ್ದು ಬಂದು ಎರಡು ತಪ್ಪು ತಿದ್ದಿದ್ರು.

ಸೈಕಾಲಜಿಯಲ್ಲಿ ಒಂದು ಅಪಾಯ ಇದೆ

ಇತಿಹಾಸದ ಸೆಮಿನಾರಲ್ಲಿ ಇಸವಿ ತಪ್ಪಿದ್ರೆ ತಿದ್ದಬಹುದು. ಸೈಕಾಲಜಿಯಲ್ಲಿ ಖಿನ್ನತೆ, ಆತಂಕ, ಚಟ ಇಂಥ ವಿಷಯ ಬರುತ್ತೆ. ಹದಿನಾರು ಹದಿನೇಳರ ಮಕ್ಕಳು. ಕೇಳ್ತಾ ಕೂತವರಲ್ಲಿ ಯಾರ ಮನೆಯಲ್ಲಿ ಏನಿದೆಯೋ ಗೊತ್ತಿಲ್ಲ.

ಹಿಂದೊಮ್ಮೆ ಒಂದು ತಂಡ ಮಾನಸಿಕ ಕಾಯಿಲೆ ಬಗ್ಗೆ ಮಾತಾಡುವಾಗ ಒಬ್ಬ ಹುಡುಗ ತಲೆ ಕೆದರಿಕೊಂಡು "ಹುಚ್ಚ"ನ ಹಾಗೆ ನಟಿಸಿದನಂತೆ. ಇಡೀ ಕ್ಲಾಸು ನಕ್ಕಿತು. ಸಂಜೆ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು, "ಮೇಡಂ, ನಮ್ಮಮ್ಮ ಮಾತ್ರೆ ತಗೊಳ್ತಾರೆ" ಅಂತ ಅತ್ತಳಂತೆ. "ಅವತ್ತಿಂದ ನಾನು ನಿಯಮ ಮಾಡಿದೆ" ಅಂದ್ರು ಮೇಡಂ. ನಿಯಮಗಳು ಇವು: ಕಾಯಿಲೆಯನ್ನ ಯಾರೂ ನಟಿಸಿ ತೋರಿಸೋ ಹಾಗಿಲ್ಲ. ಸ್ನೇಹಿತರಿಗೆ "ನಿನಗೆ ಡಿಪ್ರೆಶನ್ ಇದೆ" ಅಂತ ಪಟ್ಟ ಕಟ್ಟೋ ಹಾಗಿಲ್ಲ. ಸ್ವಂತ ಮನೆ ಕಥೆ, ಪರಿಚಯದವರ ಕಥೆ ಹೇಳೋ ಹಾಗಿಲ್ಲ. ಮಾತು ಮುಗಿಯೋ ಮುಂಚೆ ಸಹಾಯ ಎಲ್ಲಿ ಸಿಗುತ್ತೆ ಅಂತ ಬೋರ್ಡ್ ಮೇಲೆ ಬರೀಲೇಬೇಕು.

ಆ ನಂಬರ್ ಇಲ್ಲೂ ಹಾಕ್ತೀನಿ: 14416. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯ್ತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಹಳ್ಳಿ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ನನ್ನದೂ ಒಂದು ಮಾತು

ನಾನು ಡಿಗ್ರಿ ಪೂರ್ತಿ ಮಾಡಿದವನಲ್ಲ. ಎರಡನೇ ವರ್ಷದಲ್ಲಿ ಒಂದು ಸೆಮಿನಾರ್ ಕೊಟ್ಟಿದ್ರು. ಎದ್ದು ನಿಂತೆ, ಮೊದಲ ನಾಲ್ಕು ಸಾಲು ಬಂತು, ಐದನೆಯದು ಬರ್ಲಿಲ್ಲ. ಕಾಲು ನಡುಗ್ತಿತ್ತು. ಹಿಂದಿನವರು ನಕ್ಕರು. "ಹೋಗ್ಲಿ, ಕೂತ್ಕೋ" ಅಂದ್ರು. ಕೂತೆ. ಮತ್ತೆ ಯಾರೂ ನನ್ನನ್ನ ಎಬ್ಬಿಸಲಿಲ್ಲ. ಅದಕ್ಕೇ ಕಾಲೇಜು ಬಿಟ್ಟೆ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಮನೆ ಕಷ್ಟ ಬೇರೆ ಇತ್ತು. ಆದ್ರೆ ಆ "ಕೂತ್ಕೋ" ಇವತ್ತಿಗೂ ಕಿವಿಯಲ್ಲಿದೆ. ವರದಿಗಾರ ಆದ ಹೊಸದರಲ್ಲಿ ಪ್ರೆಸ್ ಮೀಟಲ್ಲಿ ಪ್ರಶ್ನೆ ಕೇಳೋಕೆ ಬಾಯೇ ಬರ್ತಿರ್ಲಿಲ್ಲ.

ಈ ಕ್ಲಾಸಲ್ಲಿ ಕೂತಾಗ ಒಂದು ವಿಷಯ ಕಲಿತೆ. 2000ದಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರ ಒಂದು ಪ್ರಯೋಗ ಪ್ರಕಟವಾಯ್ತು. ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಅಂಥ ಚಿತ್ರದ ಟೀ ಶರ್ಟ್ ಹಾಕಿಸಿ ಬೇರೆಯವರು ಕೂತಿರೋ ರೂಮಿಗೆ ಕಳಿಸಿದ್ರು. ಹಾಕಿಕೊಂಡವರು, ಸುಮಾರು ಅರ್ಧ ಜನ ನನ್ನ ಶರ್ಟ್ ಗಮನಿಸಿರ್ತಾರೆ ಅಂದುಕೊಂಡಿದ್ರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗ ಜನ. ನಾವು ಅಂದುಕೊಂಡಷ್ಟು ಜನ ನಮ್ಮನ್ನ ನೋಡ್ತಿರಲ್ಲ. ಇದು ಅವತ್ತೇ ಯಾರಾದ್ರೂ ಹೇಳಿದ್ರೆ ಐದನೇ ಸಾಲು ಬರ್ತಿತ್ತೇನೋ.

ತಡವರಿಸಿದ ಮಗುವನ್ನ "ಕೂತ್ಕೋ" ಅನ್ಬೇಡಿ. ನೀರು ಕುಡಿ, ಮತ್ತೆ ಶುರು ಮಾಡು ಅನ್ನಿ. ಇಷ್ಟಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಏನು ಮಾಡಬಹುದು?

ಪ್ರಾಂಶುಪಾಲರು ಮನಸ್ಸು ಮಾಡಿದ್ರೆ ಸಾಕು. ಪ್ರಾಜೆಕ್ಟ್ ಫೈಲು ಎಷ್ಟು ದಪ್ಪ ಇದೆ ಅಂತ ನೋಡದೆ, ಮಗು ಐದು ನಿಮಿಷ ನೋಡದೆ ಮಾತಾಡಿದ್ದಕ್ಕೆ ಅಂಕ ಕೊಡಿ. ಕೈಬರಹದ ಎರಡು ಪುಟ ಸಾಕು. ವಿಷಯ ನಮ್ಮ ಊರಿಂದಲೇ ಬರಲಿ, ಅದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಲ್ಲಿ ಸಿಗಲ್ಲ. ಕೇಳೋ ಮಕ್ಕಳು ತಲಾ ಒಂದು ಪ್ರಶ್ನೆ ಬರೆದು ಕೊಡಲಿ. ಕನ್ನಡದಲ್ಲಿ ಮಾತಾಡೋಕೆ ಬಿಡಿ. ಮೈಸೂರಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರು ಮಾಡಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದವರು. ಅದರ ಹೆಸರು ಆಕಾಶವಾಣಿ, ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಸೈಕಾಲಜಿ ಮೇಷ್ಟ್ರೊಬ್ಬರು ಮೈಕು ಹಿಡಿದ ನಾಡು ಇದು. ನಮ್ಮ ಮಕ್ಕಳಿಗೆ ಐದು ನಿಮಿಷ ಮಾತಾಡಿಸೋಕೆ ಆಗಲ್ವಾ?

ಅಂಗಡಿಯವರಿಗೂ ಒಂದು ಮಾತು. "ಪಿಯುಸಿ ಪಾಸಾದ ಹುಡುಗನ್ನ ಕೆಲಸಕ್ಕಿಟ್ಕೊಂಡ್ರೆ ಗಿರಾಕಿ ಮುಖ ನೋಡಿ ಮಾತಾಡಲ್ಲ" ಅಂತ ನೀವೇ ದೂರ್ತೀರಿ. ಮುಂದೆ ಯಾವುದಾದ್ರೂ ಮಗು ನೋಟ್‌ಬುಕ್ ಹಿಡಿದು ನಿಮ್ಮ ಅಂಗಡಿಗೆ ಪ್ರಶ್ನೆ ಕೇಳೋಕೆ ಬಂದ್ರೆ, ವ್ಯಾಪಾರದ ಟೈಮ್ ಅಂತ ಓಡಿಸಬೇಡಿ. ಐದು ನಿಮಿಷ ಕೊಡಿ. ಜೆರಾಕ್ಸ್ ಅಂಗಡಿ ಅಣ್ಣಂದಿರೇ, ಪ್ರಿಂಟು ಹಾಕಿ, ಬೈಂಡಿಂಗ್ ಮಾಡಿ, ಹಳೇ ಫೈಲು ಮಾತ್ರ ಡಿಲೀಟ್ ಮಾಡಿ.

ಇನ್ನು ಕಿರಾಣಿ ಯಜಮಾನ್ರು. ಮೊನ್ನೆ ಅಂಗಡಿಗೆ ಹೋಗಿ ಮಗಳು ಕ್ಲಾಸಲ್ಲಿ ಏನು ಹೇಳಿದಳು ಅಂತ ವಿವರಿಸಿದೆ. ಬೇಳೆ ಗೂಡು, ಎಣ್ಣೆ ಗೂಡು, ಸೋಪಿನ ಗೂಡು. ತೂಕ ಹಾಕ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಾದ್ರು. ಆಮೇಲೆ ಗೂಡುಗಳ ಕಡೆ ತಿರುಗಿ ನೋಡಿ, "ಹೌದಲ್ವಾ" ಅಂದ್ರು. ಮುಂದಿನ ಸೆಮಿನಾರ್ ಯಾವಾಗ ಅಂತ ಕೇಳಿದ್ರು.